ಕಾಮಪುರುಷಾರ್ಥವೂ ಇಂದಿನ ದಿನಚರಿಯೂ

ನಾಲ್ಕು ಪುರುಷಾರ್ಥಗಳಲ್ಲಿ ಮೂರನೆಯದರ ಹೆಸರೆತ್ತಿದರೆ ನಮ್ಮ ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ಕಾಮವನ್ನು ಅರಿಷಡ್ವರ್ಗದ ಮೊದಲ ಶತ್ರುವೆಂದಷ್ಟೇ ತಿಳಿದಿರುವುದು ಇದಕ್ಕೆ ಕಾರಣ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ರಜೋಗುಣದಿಂದ ಹುಟ್ಟಿದ ಕಾಮವನ್ನು ವೈರಿಯೆಂದಿರುವುದು ನಿಜ. ಆದರೆ ಏಳನೆಯ ಅಧ್ಯಾಯದಲ್ಲಿ ಧರ್ಮಕ್ಕೆ ವಿರೋಧವಿಲ್ಲದ ಕಾಮದಲ್ಲಿ ತನ್ನ ಸನ್ನಿಧಾನವನ್ನು ತಿಳಿಸಿದವನೂ ಅವನೇ. ಎರಡನ್ನೂ ಕೂಡಿಸಿ ಓದದ ಗೃಹಸ್ಥನಿಗೆ ದಾರಿ ತಿಳಿಯದು.

ನಮ್ಮ ಸಿದ್ಧಾಂತದ ದೇವತಾತಾರತಮ್ಯದಲ್ಲಿ ಮನ್ಮಥನು ಇಂದ್ರನೊಡನೆ ಸಮಾನ ಕಕ್ಷೆಯಲ್ಲಿ ನಿಲ್ಲುವವನು. ಮನಸ್ತತ್ತ್ವದ ಅಭಿಮಾನಿ ದೇವತೆಗಳಲ್ಲಿ ಇವರಿಬ್ಬರೂ ಸೇರಿದ್ದಾರೆ. ರುದ್ರನ ಕೋಪಾಗ್ನಿಯಲ್ಲಿ ದಗ್ಧನಾದ ಅವನೇ ರುಕ್ಮಿಣೀಕೃಷ್ಣರ ಪುತ್ರನಾದ ಪ್ರದ್ಯುಮ್ನನಾಗಿ ಜನಿಸಿದನೆಂದು ಭಾಗವತದ ದಶಮಸ್ಕಂಧವು ಹೇಳುತ್ತದೆ. ದಾಂಪತ್ಯದ ಬಯಕೆಗೂ, ಓದು, ದುಡಿಮೆ, ಪೂಜೆಗಳಲ್ಲಿನ ಉತ್ಸಾಹಕ್ಕೂ ಮನಸ್ಸೆಂಬುದೊಂದೇ ನೆಲೆ. ತಿಳಿದದ್ದನ್ನು ಬಯಸುತ್ತೇವೆ, ಬಯಸಿದ್ದಕ್ಕಾಗಿ ಯತ್ನಿಸುತ್ತೇವೆ. ಜ್ಞಾನ, ಇಚ್ಛೆ, ಪ್ರಯತ್ನ ಎಂಬ ಈ ಕ್ರಮವನ್ನು ಶಾಸ್ತ್ರ ಓದಿದವರೆಲ್ಲ ಬಲ್ಲರು. ನಡುವಿನ ಇಚ್ಛೆಯು ಬತ್ತಿದರೆ ಪ್ರಯತ್ನವು ಎಲ್ಲಿಂದ ಬರಬೇಕು?

ಈ ಬತ್ತುವಿಕೆಯನ್ನು ನಮ್ಮ ಊರಿನಲ್ಲಿಯೇ ಕಾಣಬಹುದು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಬಂದ ಮೇಲೆ ಕೋಲಾರದ ಚಿನ್ನದ ಗಣಿಗಳಲ್ಲಿ ರಾತ್ರಿಯೆಂಬುದು ಹೆಸರಿಗೆ ಮಾತ್ರ ಉಳಿಯಿತು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಸೂರ್ಯನನ್ನೇ ಕಾಣದೆ ಪಾಳಿಯ ಮೇಲೆ ಪಾಳಿ ದುಡಿದವರ ಊರಿದು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ಬಳಿಕ ಆಳದ ಕತ್ತಲೆ ಹೋಗಿ ರೈಲಿನ ಕತ್ತಲೆ ಬಂದಿತು. ಕೋರಮಂಡಲ್ ನಿಲ್ದಾಣದಲ್ಲಿ ನಸುಕಿಗೆ ಮೊದಲೇ ರೈಲು ಹತ್ತಿ, ಬಂಗಾರಪೇಟೆಯಿಂದಾಚೆಗೆ 70 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆ ಸೇರುವವರು ಎಷ್ಟು ಜನ! ಬಂದವರು ಮಲಗುತ್ತಾರೆಯೇ? ಮೊಬೈಲ್ ಫೋನಿನ ಬೆಳಕಿನಲ್ಲಿ ನಡುರಾತ್ರಿಯಾಗುತ್ತದೆ.

ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ಗಮನಾರ್ಹ. ಆರೋಗ್ಯವಂತರಾದ ಹತ್ತು ತರುಣರನ್ನು ಸುಮಾರು ಒಂದು ವಾರ ಕಾಲ ರಾತ್ರಿಗೆ ಐದೇ ಗಂಟೆ ಮಲಗಿಸಿದಾಗ, ಪುರುಷರ ಬಯಕೆಗೂ ಚೈತನ್ಯಕ್ಕೂ ಆಧಾರವಾದ ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನು ಹಗಲಿನಲ್ಲಿ ನೂರಕ್ಕೆ 10ರಿಂದ 15ರಷ್ಟು ಕುಗ್ಗಿತು. ಹತ್ತು ಜನರ ಪರೀಕ್ಷೆ ಚಿಕ್ಕದೇ. ಆದರೂ ನಿದ್ರೆಗೆಟ್ಟವನ ಮುಖ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಸಂಗತಿ. ಆಸ್ಟ್ರೇಲಿಯಾದಲ್ಲಿ ಒಂದು ಜಾತಿಯ ಗಂಡು ಜೀರುಂಡೆಗಳು ಬಿಸಾಡಿದ ಕಂದು ಬಣ್ಣದ ಬಿಯರ್ ಶೀಷೆಗಳನ್ನೇ ಹೆಣ್ಣೆಂದು ಭ್ರಮಿಸಿ ಅವನ್ನು ಬಿಡದೆ ಅಪ್ಪಿಕೊಂಡಿದ್ದುದನ್ನು ವಿಜ್ಞಾನಿಗಳು 1983ರಲ್ಲಿ ವರದಿ ಮಾಡಿದರು. ಹೊಳಪಿನಲ್ಲಿಯೂ ಗಾತ್ರದಲ್ಲಿಯೂ ಶೀಷೆಯು ನಿಜವಾದ ಹೆಣ್ಣನ್ನು ಮೀರಿಸಿತ್ತು. (ದೇವಸ್ಥಾನದ ಪತ್ರಿಕೆಯಲ್ಲಿ ಬಿಯರ್ ಶೀಷೆಯೇ ಎಂದು ಹಿರಿಯರು ಹುಬ್ಬೇರಿಸಬಾರದು, ದೃಷ್ಟಾಂತಕ್ಕೆ ಮಡಿಯಿಲ್ಲ.) ಫೋನಿನಲ್ಲಿ ಕಾಣುವ ಅಶ್ಲೀಲ ಚಿತ್ರಗಳು ಇಂತಹ ಶೀಷೆಗಳೇ ಅಲ್ಲವೇ? ಬಯಕೆಯನ್ನು ಕೆರಳಿಸುತ್ತವೆ, ಪ್ರಯತ್ನವನ್ನು ಬೇಡುವುದಿಲ್ಲ. ಪಕ್ಕದಲ್ಲಿರುವ ಪತ್ನಿಯು ಮಾತ್ರ ಕಾಣದಾಗುತ್ತಾಳೆ.

ಇಂತಹ ದಣಿವನ್ನು ಕೆಲವು ತರುಣರು ವೈರಾಗ್ಯವೆಂದು ಭ್ರಮಿಸುತ್ತಾರೆ. ಇದು ಅಪಾಯದ ಮಾತು. ವೈರಾಗ್ಯವು ಭಗವಂತನ ಮಾಹಾತ್ಮ್ಯಜ್ಞಾನದಿಂದ ಹುಟ್ಟುವಂಥದು. ಅದು ಹುಟ್ಟಿದವನಿಗೆ ಜಪದಲ್ಲಿಯೂ ಶ್ರವಣದಲ್ಲಿಯೂ ರುಚಿ ಹೆಚ್ಚುತ್ತದೆ. ಪತ್ನಿಯಲ್ಲಿಯೂ ಆಸಕ್ತಿಯಿಲ್ಲ, ಸಂಧ್ಯಾವಂದನೆಯಲ್ಲಿಯೂ ಆಸಕ್ತಿಯಿಲ್ಲ ಎಂದಾದರೆ ಅದು ತಮಸ್ಸು, ಇಲ್ಲವೇ ರೋಗ. ಮಧುಮೇಹ, ಥೈರಾಯ್ಡ್ ದೋಷ, ಮನೋವ್ಯಾಕುಲತೆಗಳಿಂದಲೂ ಹೀಗಾಗುವುದುಂಟು. ವೈದ್ಯರ ಬಳಿ ಹೋಗಲು ಸಂಕೋಚ ಬೇಡ. ಮದುವೆಯಾಗಿ ಎರಡು ವರ್ಷವಾದರೂ ತೊಟ್ಟಿಲು ತೂಗಲಿಲ್ಲವೆಂದು ಸೊಸೆಯ ಜಾತಕವನ್ನು ಮೊದಲು ಹೊರತೆಗೆಯುವ ಅತ್ತೆಯವರು, ಮಗನು ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾನೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು. ಅದೇ ರೈಲಿನಲ್ಲಿ ಆ ಸೊಸೆಯೂ ದುಡಿಯಲು ಹೋಗುತ್ತಿದ್ದರೆ ಅವಳ ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಪ್ರಾಚೀನರು ಬಯಕೆಗೂ ತಿಥಿಯನ್ನಿಟ್ಟಿದ್ದರು. ದಶಮಿಯಂದು ಒಪ್ಪೊತ್ತು, ಏಕಾದಶಿಯಂದು ಉಪವಾಸ, ದ್ವಾದಶಿಯಂದು ಪಾರಣೆ. ಈ ದಿನತ್ರಯದಲ್ಲಿ ಬ್ರಹ್ಮಚರ್ಯ. ಬಿಡುವ ದಿನವು ಗೊತ್ತಾಗಿದ್ದುದರಿಂದ ಉಳಿದ ದಿನಗಳ ಬಯಕೆಗೆ ಅಪರಾಧದ ಕಳಂಕವಿರಲಿಲ್ಲ. ಕೈಯಲ್ಲಿರುವ ಫೋನಿಗೆ ಏಕಾದಶಿಯೂ ಇಲ್ಲ, ಪಾರಣೆಯೂ ಇಲ್ಲ.

ಹರಿವಾಸರದ ಜಾಗರಣೆಯೂ ನಿದ್ರೆಗೆಡುವುದೇ ಅಲ್ಲವೇ ಎಂದು ಕೇಳಬಹುದು. ಅದು ಪಕ್ಷಕ್ಕೊಮ್ಮೆ, ಸಂಕಲ್ಪಪೂರ್ವಕವಾಗಿ ಬರುವಂಥದು. ಅತಿಯಾಗಿ ನಿದ್ರಿಸುವವನಿಗೂ, ಸದಾ ಎಚ್ಚರದಿಂದಿರುವವನಿಗೂ ಯೋಗವು ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯದಲ್ಲಿಯೇ ಇದೆ. ನಸುಕಿನ ರೈಲಿಗೆ ಹೋಗುವವರು ರಾತ್ರಿ ಒಂಬತ್ತೂವರೆಗೆ ಫೋನನ್ನು ದೇವರಮನೆಯ ಹೊರಗಿನ ಗೂಡಿನಲ್ಲಿಟ್ಟು ಮಲಗಲಿ. ರವಿವಾರ ಮಧ್ಯಾಹ್ನ ಪತಿಪತ್ನಿಯರು ಬೇರೆ ಕೆಲಸವನ್ನಿಟ್ಟುಕೊಳ್ಳದೆ ಕುಳಿತು ಮಾತನಾಡಲಿ. ಆ ಹೊತ್ತಿನಲ್ಲಿ ಹಿರಿಯರು ದೇವಸ್ಥಾನದ ಪುರಾಣ ಶ್ರವಣಕ್ಕೆ ಬರಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥