ಫಾಲ್ಗುಣದ ದುಡ್ಡು ಬೋರಿಗೆ ಬೇಡ

ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಬೇಸಾಯದ ಮನೆಗಳಲ್ಲಿ ಒಂದಿಷ್ಟು ಕಾಸು ಓಡಾಡುತ್ತದೆ. ಖರೀದಿ ಕೇಂದ್ರಕ್ಕೆ ಹಾಕಿದ ರಾಗಿಯ ಹಣ ಖಾತೆಗೆ ಬಂದಿರುತ್ತದೆ, ಇಲ್ಲವೇ ಬರುವುದರಲ್ಲಿರುತ್ತದೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಎಂದರೆ ರಾಗಿಯ ಮಟ್ಟಿಗೆ ಅದು ಸಣ್ಣ ಮೊತ್ತವಲ್ಲ. ಹುಣಸೆ ಬಡಿದು, ಒಣಗಿಸಿ, ಓಡು ಬೀಜ ಬಿಡಿಸುವ ಕೆಲಸ ಅಂಗಳದಲ್ಲಿ ನಡೆದಿರುತ್ತದೆ. ಮಾವಿನ ತೋಪಿದ್ದವರಿಗೆ ಪಿಂದೆ ಕಚ್ಚಿದ ಹೊತ್ತಿಗೇ ಗುತ್ತಿಗೆದಾರರು ಮುಂಗಡ ಕೊಟ್ಟು ಹೋಗಿರುತ್ತಾರೆ. ಮಾರ್ಚ್ ಮುಗಿಯುವುದರೊಳಗೆ ಸೊಸೈಟಿಯ ಬೆಳೆಸಾಲ ಕಟ್ಟಿ ಮತ್ತೆ ಎತ್ತುವುದೂ ಈಗಲೇ. ಹೊಂಗೆ ಚಿಗುರಿ ಹೂ ಬಿಡುವ ಇದೇ ವಾರಗಳಲ್ಲಿ, ಎರಡು ಇಂಚು ನೀರು ಕೊಡುತ್ತಿದ್ದ ಬೋರು ಒಂದಿಂಚಿಗೆ ಇಳಿದು, ಗಾಳಿ ಉಗುಳಿ, ಕೊನೆಗೊಂದು ದಿನ ನಿಂತುಬಿಡುತ್ತದೆ. ದುಡ್ಡು ಬರುವ ಕಾಲ, ನೀರು ಹೋಗುವ ಕಾಲ ಎರಡೂ ಒಂದೇ ಆದ್ದರಿಂದ ಆ ದುಡ್ಡು ಸೀದಾ ರಿಗ್ ಲಾರಿಯ ಕಡೆಗೆ ಹೋಗುತ್ತದೆ. ಸಾಲದಲ್ಲಿ ಬಿದ್ದ ಮನೆಗಳ ಲೆಕ್ಕ ಬಿಡಿಸುತ್ತ ಹೋದಾಗ ಮದುವೆ, ಆಸ್ಪತ್ರೆಗಳ ಪಕ್ಕದಲ್ಲಿ ನನಗೆ ಮತ್ತೆ ಮತ್ತೆ ಕಂಡ ಬಾಬತ್ತು ಬೋರು. ಆದ್ದರಿಂದ ಈ ಅಂಕಣದಲ್ಲಿ ಒಂದೇ ವಾದ ಮಂಡಿಸುತ್ತೇನೆ: ಸಾಲ ಮಾಡಿ ಹೊಸ ಬೋರು ಕೊರೆಸುವುದು ನಮ್ಮ ಸೀಮೆಯ ಸಣ್ಣ ಹಿಡುವಳಿಗೆ ಬಂಡವಾಳ ಹೂಡಿಕೆಯಾಗಿ ಉಳಿದಿಲ್ಲ. ಅದಕ್ಕೆ ಇಡುವ ಹಣವನ್ನು ಕಳೆದುಕೊಂಡರೂ ಬದುಕು ನಡೆಯುತ್ತದೆ ಎನ್ನುವವರು ಮಾತ್ರ ಇಡಬೇಕು.

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮಳೆ ಬಂದಾಗ ಮಾತ್ರ ನೆನಪಾಗುವ ಹೊಳೆ. ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಆ ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕು ಅಪರೂಪವಾಗುತ್ತದೆ, ಇದ್ದರೂ ಅದಕ್ಕೆ ಮಳೆನೀರು ತಲುಪಲು ಬಹುಕಾಲ ಬೇಕು. ಜಿಲ್ಲೆಯ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಯಲ್ಲಿ ಇಟ್ಟಿದೆ. ಅಂದರೆ ವರ್ಷಕ್ಕೆ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು. ಒಂದು ಕಾಲಕ್ಕೆ ಕಪಿಲೆ ಕಟ್ಟಿ ಎತ್ತುತ್ತಿದ್ದ ಬಾವಿಯ ನೀರಿಗೆ ಈಗ 1,200, 1,500 ಅಡಿ ಇಳಿಯಬೇಕಾಗಿದೆ. ಅಷ್ಟು ಆಳದ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಬೇರೆ. ಆಳ ತೋಡುವುದರ ಲೆಕ್ಕವನ್ನು ನಮ್ಮ ಕೆಜಿಎಫ್‌ನಷ್ಟು ಚೆನ್ನಾಗಿ ಬಲ್ಲ ಊರು ಇನ್ನೊಂದಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ನಡೆಸಿತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ಇಳಿದಷ್ಟೂ ಖರ್ಚು ಏರಿತು, ಟನ್ ಅದಿರಿಗೆ ಸಿಗುವ ಚಿನ್ನ ತಗ್ಗುತ್ತ ಬಂತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ನೆಲದಡಿ ಚಿನ್ನ ಪೂರ್ತಿ ಮುಗಿದಿರಲಿಲ್ಲ. ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತ್ತು. ಆ ನಷ್ಟವನ್ನು ಹೊರಲು ಹಲವು ವರ್ಷ ಸರ್ಕಾರವೇ ಇತ್ತು. ಮೂರೆಕರೆ ರೈತನ ಬೋರಿನ ನಷ್ಟವನ್ನು ಹೊರುವವರು ಅವನ ಮನೆಯವರು ಮಾತ್ರ.

ಲೆಕ್ಕವನ್ನೇ ಹಾಕಿ ನೋಡೋಣ. ಆಳಕ್ಕೆ, ಜಾಗಕ್ಕೆ ತಕ್ಕಂತೆ ಮೊತ್ತ ಬದಲಾಗುತ್ತದೆ, ನಿಮ್ಮ ಅಂಕಿಗಳನ್ನು ನೀವೇ ತುಂಬಿಕೊಳ್ಳಿ. ಕೊರೆಯುವುದು, ಕೇಸಿಂಗ್ ಸೇರಿ 5 ಲಕ್ಷ, ನೀರು ಬಿದ್ದರೆ ಪಂಪು, ಮೋಟರು, ಕೇಬಲ್ಲು, ಪೈಪು, ಸ್ಟಾರ್ಟರು, ವಿದ್ಯುತ್ ಸಂಪರ್ಕಕ್ಕೆ 3 ಲಕ್ಷ ಎಂದಿಟ್ಟುಕೊಳ್ಳಿ. ಈ 8 ಲಕ್ಷವನ್ನು ಶೇಕಡಾ 12ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತಂದರೆ ತಿಂಗಳ ಕಂತು ಸುಮಾರು 17,800 ರೂಪಾಯಿ, ವರ್ಷಕ್ಕೆ 2 ಲಕ್ಷ 13 ಸಾವಿರ. ಇದು ಮೊದಲ ಬೋರಿಗೇ ನೀರು ಬಿದ್ದವರ ಲೆಕ್ಕ. ಎರಡರಲ್ಲಿ ಒಂದು ಬರೀ ಧೂಳೆಬ್ಬಿಸಿ ಫೇಲಾಗುತ್ತದೆ ಎಂದುಕೊಂಡರೆ ಒಂದು ನೀರಿನ ಬೋರಿಗೆ ಬೀಳುವ ಖರ್ಚು 13 ಲಕ್ಷ, ವರ್ಷದ ಕಂತು ಮೂರೂವರೆ ಲಕ್ಷದ ಹತ್ತಿರ. ಈಗ ಅದೇ ಮನೆಯ ಖಾತ್ರಿ ಆದಾಯ ನೋಡಿ. ಎರಡು ಸೀಮೆಹಸು ಸೇರಿ ದಿನಕ್ಕೆ 20 ಲೀಟರ್ ಕೊಟ್ಟು, ಡೈರಿಯಲ್ಲಿ ಲೀಟರಿಗೆ 35 ರೂಪಾಯಿ ಸಿಕ್ಕರೆ ತಿಂಗಳಿಗೆ 21,000. ಹಿಂಡಿ, ಬೂಸ, ಜೋಳದ ಕಡ್ಡಿ, ಡಾಕ್ಟರ ಖರ್ಚು ಕಳೆದರೆ ಅರ್ಧ ಉಳಿದರೂ ಹೆಚ್ಚೇ. ಅಂದರೆ ಬೆಳಗಿನ ಐದು ಗಂಟೆಗೆ ಎದ್ದು ಸಗಣಿ ಬಾಚಿ ಹಾಲು ಕರೆದ ಇಡೀ ತಿಂಗಳ ಉಳಿತಾಯ ಬೋರಿನ ಒಂದು ಕಂತಿಗೆ ಸಾಲುವುದಿಲ್ಲ. ಕಂತು ಕಟ್ಟಲು ಹಸು ಮಾರಿದ ಮನೆಗೆ ಆಮೇಲೆ ಡೈರಿಯ ಬಟವಾಡೆಯೂ ಇಲ್ಲ.

ಬೋರಿನಲ್ಲಿ ಇನ್ನೊಂದು ದೋಷವಿದೆ, ಅದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಕಷ್ಟ ಬಂದಾಗ ಅದನ್ನು ಮಾರಲು ಬರುವುದಿಲ್ಲ. ಹಸು ಮಾರಬಹುದು, ಕುರಿ ಮಾರಬಹುದು, ಒಡವೆ ಅಡವಿಡಬಹುದು, ರಾಗಿ ಮೂಟೆಯನ್ನು ಒಂದು ತಿಂಗಳು ತಡೆದು ಮಾರಬಹುದು. ಫೇಲಾದ ಬೋರಿನಿಂದ ವಾಪಸ್ ಬರುವುದು ಕೇಸಿಂಗ್ ಕಿತ್ತರೆ ಸಿಗುವ ಅಷ್ಟಿಷ್ಟು ಮಾತ್ರ. ಬಂಗಾರಪೇಟೆಯ ಗಿರವಿ ಅಂಗಡಿಗಳಲ್ಲಿ, ಬ್ಯಾಂಕುಗಳಲ್ಲಿ ಬೇಸಾಯದ ಹೆಸರಿನಲ್ಲಿ ಇಡುವ ಒಡವೆ ಬಹುಪಾಲು ಮನೆಯ ಹೆಂಗಸರದು. ನಾಳೆ ಆಸ್ಪತ್ರೆ, ಕಾಲೇಜು ಫೀಸು ಎಂದರೆ ಕೈಗೆ ಸಿಗಬೇಕಾದ ಕಟ್ಟಕಡೆಯ ಆಸರೆ ಅದು. ಯಾವ ಹೊತ್ತಿನಲ್ಲಾದರೂ ಕಾಸಾಗುವ ಆಸ್ತಿಯನ್ನು ಕೊಟ್ಟು, ಎಂದಿಗೂ ಕಾಸಾಗದ ಆಸ್ತಿಯನ್ನು ಕೊಳ್ಳುವುದು ಯಾವ ಹಣಕಾಸಿನ ಅಳತೆಗೂ ಸರಿಹೋಗದ ವ್ಯವಹಾರ. ಸೊಸೈಟಿಯ ಬೆಳೆಸಾಲವನ್ನು ಬೋರಿಗೆ ತಿರುಗಿಸುವುದೂ ಇಷ್ಟೇ ಅಪಾಯ. ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗೆ ಸೊನ್ನೆ ಬಡ್ಡಿಯ ಸಾಲ ಇರುವುದು ಬೆಳೆಗಾಗಿ, ವಾಯಿದೆಯೊಳಗೆ ಕಟ್ಟುವವರಿಗಾಗಿ. ಬೆಳೆಯ ಹಣ ನೆಲದಡಿ ಹೋದರೆ ವಾಯಿದೆ ತಪ್ಪುತ್ತದೆ, ಸೊನ್ನೆ ಬಡ್ಡಿಯ ಅನುಕೂಲವೂ ತಪ್ಪುತ್ತದೆ.

ಇದಕ್ಕೆ ರೈತರು ಕೊಡುವ ಉತ್ತರಗಳಲ್ಲಿ ತೂಕವಿದೆ. ಬೇಸಿಗೆಯಲ್ಲಿ ಸಿಕ್ಕ ನೀರೇ ನಿಜವಾದ ನೀರು, ಮಳೆಗಾಲದಲ್ಲಿ ಕೊರೆಸಿದರೆ ಮೇಲಿನ ಜೌಗು ನೀರು ನೋಡಿ ಮೋಸ ಹೋಗುತ್ತೇವೆ ಎನ್ನುತ್ತಾರೆ. ನೀರಿನ ಮಟ್ಟಿಗೆ ಈ ಮಾತು ಸರಿ. ಆದರೆ ಕೊರೆಯುವ ಕಾಲ, ತೀರ್ಮಾನ ಮಾಡುವ ಕಾಲ ಎರಡೂ ಒಂದೇ ಆಗಬೇಕಿಲ್ಲ. ಟೊಮೆಟೊ ಗಿಡ ಬಾಡುತ್ತಿರುವಾಗ, ಪಕ್ಕದ ಹೊಲದಲ್ಲಿ ರಿಗ್ ಗುಡುಗುತ್ತಿರುವಾಗ, ತೆಂಗಿನಕಾಯಿ ಹಿಡಿದು ನೀರು ನೋಡುವವರು ಇಲ್ಲೇ ಇದೆ ಎಂದು ನೆಲ ತೋರಿಸಿದಾಗ ಯಾರಿಗೂ ಲೆಕ್ಕ ಹೊಳೆಯುವುದಿಲ್ಲ. 900 ಅಡಿಗೆ ನಿಲ್ಲಿಸಬೇಕೆಂದು ಹೊರಟವರು ಇನ್ನೂ ನೂರಡಿ, ಇನ್ನೂ ನೂರಡಿ ಎಂದು ಮುಂದುವರಿಯುವುದು ಈ ಆತಂಕದಲ್ಲೇ. ಅಡಿಯ ದರವೂ ಆಳದ ಜೊತೆ ಏರುತ್ತ ಹೋಗುತ್ತದೆ. ಕಾರ್ತಿಕದಲ್ಲಿ, ಕೆರೆಯಲ್ಲಿ ನೀರಿದ್ದು ಮನಸ್ಸು ನೆಮ್ಮದಿಯಾಗಿದ್ದಾಗ, ಎಷ್ಟು ಅಡಿ, ಎಷ್ಟು ಹಣ, ಯಾರ ಹಣ ಎಂದು ಬರೆದಿಟ್ಟು, ಆ ಗೆರೆ ದಾಟದೆ ಬೇಸಿಗೆಯಲ್ಲಿ ಕೊರೆಸುವವರ ಬಗ್ಗೆ ನನ್ನ ತಕರಾರಿಲ್ಲ. 2011ರ ರಾಜ್ಯ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿ ಪಡೆಯಬೇಕು. ಆ ಅರ್ಜಿಯ ಕಾಲಾವಧಿಯೂ ಯೋಚಿಸಲು ಒಳ್ಳೆಯ ಬಿಡುವು.

ನೀರಿಲ್ಲದೆ ಟೊಮೆಟೊ ಇಲ್ಲ, ಟೊಮೆಟೊ ಇಲ್ಲದೆ ಕೋಲಾರ ಜಿಲ್ಲೆಯ ರೈತನಿಗೆ ನಾಲ್ಕು ಕಾಸು ಇಲ್ಲ ಎನ್ನುವುದು ಇನ್ನೂ ದೊಡ್ಡ ಆಕ್ಷೇಪ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆ ವರ್ಷ ಸಾಲ ತೀರಿಸಿ ಮನೆ ಕಟ್ಟಿದವರು ಇದ್ದಾರೆ, ಅವರ ಶ್ರಮಕ್ಕೆ ಸಿಕ್ಕ ಫಲ ಅದು. ಆದರೆ ಬಾಕ್ಸ್ ಬೆಲೆ ಕಿತ್ತ ಕೂಲಿಗೂ ಸಾಲದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇದೇ ಮಂಡಿಯವು. ಕಡ್ಡಿ, ದಾರ, ಮಲ್ಚಿಂಗ್ ಶೀಟು, ಸಸಿ, ಔಷಧಿ, ಕೂಲಿ ಸೇರಿ ಎಕರೆಗೆ 3 ಲಕ್ಷ ಖರ್ಚಾಗಿ 1,500 ಬಾಕ್ಸ್ ಬಂದರೆ ಅಸಲು ಬಾಕ್ಸಿಗೆ 200. ಮೇಲೆ ಹೇಳಿದ ಬೋರಿನ ವರ್ಷದ ಕಂತನ್ನು ಒಂದೇ ಬೆಳೆಯ ಮೇಲೆ ಹೊರಿಸಿದರೆ ಅಸಲು 340 ದಾಟುತ್ತದೆ, ವರ್ಷಕ್ಕೆ ಎರಡು ಬೆಳೆ ತೆಗೆದರೂ 270. ಮಂಡಿ ಕಮಿಷನ್, ಬಾಡಿಗೆ ಇನ್ನೂ ಸೇರಿಲ್ಲ. ಮಾರುಕಟ್ಟೆಗೆ ನಿಮ್ಮ ಬೋರಿನ ಕಂತು ಗೊತ್ತಿರುವುದಿಲ್ಲ. ಹಳೆಯ ಬೋರಿನಲ್ಲಿ, ಸಾಲವಿಲ್ಲದೆ ಬೆಳೆದವರ ಹಣ್ಣಿನ ಪಕ್ಕದಲ್ಲೇ ನಿಮ್ಮ ಹಣ್ಣೂ ಹರಾಜಾಗುತ್ತದೆ. ಮಾವಿನದೂ ಇದೇ ಕಥೆ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲ ಕಚ್ಚಿ ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು, ಎರಡೂವರೆ ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಭರಿಸಲು ಕೇಂದ್ರ ಸರ್ಕಾರ ಒಪ್ಪಬೇಕಾಯಿತು. ಬೆಲೆ ಹೀಗೆ ಏರಿಳಿಯುವ ಬೆಳೆಗಳಿಗೆ ಏರಿಳಿಯದ ಕಂತನ್ನು ಜೋಡಿಸುವುದೇ ನನ್ನನ್ನು ಚಿಂತೆಗೆ ಹಚ್ಚುವ ಸಂಗತಿ.

ಕರೆಂಟು ಬಿಟ್ಟಿಯಲ್ಲವೇ ಎಂದು ಕೇಳುವವರಿದ್ದಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ ನಿಜ, ಆದರೆ ಕರೆಂಟು ಸುಟ್ಟ ಮೋಟರಿನ ರಿವೈಂಡಿಂಗು, ಪಂಪು ಎತ್ತಿ ಇಳಿಸುವ ಕೂಲಿ ಬಿಟ್ಟಿಯಲ್ಲ. ಕೆ.ಸಿ. ವ್ಯಾಲಿ ಬಂದ ಮೇಲೆ ನೀರು ಮೇಲೆದ್ದಿದೆ ಎನ್ನುವ ಮಾತು ಹೆಚ್ಚು ಗಂಭೀರವಾದದ್ದು. 2018ರಲ್ಲಿ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಿದ್ದಂದಿನಿಂದ ಹಲವು ಕೆರೆಗಳು ತುಂಬಿವೆ, ಸುತ್ತಲಿನ ಬತ್ತಿದ ಬೋರುಗಳಲ್ಲಿ ನೀರು ಕಂಡಿದೆ. ಎರಡೇ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತ ಬೇಕು ಎಂಬ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು, ಅದು ಈಡೇರಲೇಬೇಕು. ಆದರೆ ಹಣದ ದೃಷ್ಟಿಯಿಂದ ಈ ಯೋಜನೆ ಕಲಿಸುವುದೇನು? ಕೆರೆ ತುಂಬಿದರೆ ಹಳೆಯ ಬೋರಿಗೇ ಜೀವ ಬರುತ್ತದೆ, 1,500 ಅಡಿಯ ಹೊಸ ಬೋರು ಬೇಕಾಗುವುದಿಲ್ಲ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಹರಿದಾಗಲೂ ಕಂಡದ್ದು ಇದನ್ನೇ. ಸಾವಿರಾರು ಕೆರೆಗಳನ್ನು ಕಟ್ಟಿದ ಹಿಂದಿನವರು ನಮಗೆ ಬಿಟ್ಟುಹೋದ ಆಸ್ತಿ ಅದು. ರಾಜಕಾಲುವೆ ಒತ್ತುವರಿಯಾಗಿ, ಹೂಳು ತುಂಬಿ ಕೂತಿದ್ದರೆ ಅದರ ನಷ್ಟವನ್ನು ಪ್ರತಿ ಮನೆಯೂ ಬೋರಿನ ಸಾಲದ ರೂಪದಲ್ಲಿ ಕಟ್ಟುತ್ತಿದೆ.

ಹಾಗಾದರೆ ಕೈಯಲ್ಲಿರುವ ದುಡ್ಡನ್ನು ಎಲ್ಲಿ ಹಾಕುವುದು? ನಮ್ಮಲ್ಲಿ ವರ್ಷಕ್ಕೆ ಸುಮಾರು 740 ಮಿಲಿಮೀಟರ್ ಮಳೆ. ಒಂದೆಕರೆಯ ಮೇಲೆ ಅದು ಸುರಿಸುವ ನೀರು 30 ಲಕ್ಷ ಲೀಟರಿನ ಹತ್ತಿರ. 15 ಮೀಟರ್ ಉದ್ದಗಲದ, 3 ಮೀಟರ್ ಆಳದ ಕೃಷಿ ಹೊಂಡದಲ್ಲಿ ಬದಿಯ ಓರೆ ಕಳೆದರೂ 4 ಲಕ್ಷ ಲೀಟರಿಗೆ ಕಡಿಮೆಯಿಲ್ಲದೆ ನಿಲ್ಲುತ್ತದೆ. ಇದರಿಂದ ಎರಡೆಕರೆ ಟೊಮೆಟೊ ಬೆಳೆಯಲಾಗದು, ಅಂಥ ಭರವಸೆ ನಾನು ಕೊಡುವುದಿಲ್ಲ. ಆದರೆ ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದೆಕರೆ ರಾಗಿಗೆ ಎರಡು ಸಲ ನೀರು ಕೊಡಬಹುದು, ಬೆಳೆ ಉಳಿಯುವುದಕ್ಕೆ ಅಷ್ಟು ಸಾಕು. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ, ಹನಿ ನೀರಾವರಿಗೆ ಸಹಾಯಧನವಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಅನುದಾನ ಎಷ್ಟೆಂದು ಯುಗಾದಿಗೆ ಮೊದಲೇ ವಿಚಾರಿಸಿಡಿ. ಇರುವ ಒಂದಿಂಚು ನೀರಿನಲ್ಲಿ ಮೊದಲ ಹಕ್ಕು ಹಸುಗಳ ಮೇವಿಗೆ, ಆಮೇಲೆ ಅರ್ಧ ಎಕರೆ ತರಕಾರಿಗೆ ಇರಲಿ. 2025ರ ಏಪ್ರಿಲ್‌ನಿಂದ ಲೀಟರ್ ಹಾಲಿನ ದರ 4 ರೂಪಾಯಿ ಏರಿಸಿದಾಗ ಆ ಹಣ ಉತ್ಪಾದಕರಿಗೇ ಎಂದು ಸರ್ಕಾರ ಹೇಳಿತು. ಬೋರಿಗಿಂತ ಆ ಬಾಬತ್ತು ನಂಬಲರ್ಹ. ಬೆಂಗಳೂರಿಗೆ ರೈಲಿನಲ್ಲಿ ಹೋಗಿಬಂದು ದುಡಿಯುವ ಮಕ್ಕಳು ಸಂಬಳದಿಂದ ಊರಿಗೆ ಹಣ ಕೊಡುವುದಾದರೆ ಹೊಂಡಕ್ಕೆ, ಕೊಟ್ಟಿಗೆಗೆ, ಆರು ತಿಂಗಳ ಮನೆಖರ್ಚಿನ ಠೇವಣಿಗೆ ಕೊಡಲಿ.

ಯುಗಾದಿಯ ಸಂಜೆ ಪಂಚಾಂಗ ಓದಿ ರಾಶಿಗೆ ತಕ್ಕ ಆದಾಯ, ವ್ಯಯ ಕೇಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅಂದೇ ಮನೆಯದೂ ಒಂದು ಆದಾಯ ವ್ಯಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಹಾಲು, ರಾಗಿ, ಹುಣಸೆ, ಮಾವು ಒಂದು ಕಡೆ, ಈವರೆಗೆ ಕೊರೆಸಿದ ಎಲ್ಲ ಬೋರುಗಳ ಖರ್ಚು, ಫೇಲಾದವೂ ಸೇರಿ, ಇನ್ನೊಂದು ಕಡೆ. ಬರೆಯುವಾಗ ಡೈರಿಗೆ ಹಾಲು ಹಾಕುವವರು, ಹುಣಸೆ ಬಿಡಿಸುವವರು, ಒಡವೆ ಕೊಡಬೇಕಾದವರು ಪಕ್ಕದಲ್ಲಿ ಕೂತಿರಲಿ. ಅವರು ಒಪ್ಪದೆ ರಿಗ್ ಲಾರಿಗೆ ಮುಂಗಡ ಕೊಡಬೇಡಿ.