ತೊಂಬತ್ತೊಂದನೇ ಕೀರ್ತನೆ ಮತ್ತು ಡೆಪಾ ಎಣ್ಣೆ

ಮಂಗನ ಕಾಯಿಲೆಗೆ ವೈದ್ಯರು ಇಟ್ಟ ಹೆಸರಿನಲ್ಲಿ ಸೊರಬ ತಾಲ್ಲೂಕಿನ ಒಂದು ಕಾಡಿದೆ. ಅದು ಕ್ಯಾಸನೂರು. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಕಾಡಂಚಿನ ಊರುಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದೊಂದು ಹೊಸ ವೈರಸ್ ಎಂದು ಗುರುತಿಸಿದರು. ಶಿಕಾರಿಪುರದಲ್ಲಿ ಹುಟ್ಟಿ ಬೆಳೆದ ನನಗೆ ಸೊರಬದ ಕಾಡಂಚಿನ ಉಪಕೇಂದ್ರಕ್ಕೆ ಕಿರಿಯ ಆರೋಗ್ಯ ಸಹಾಯಕಿಯಾಗಿ ಆದೇಶ ಬಂದಾಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಆ ಕಾಯಿಲೆಯ ಮಾತೇ.

ನನಗೆ ನಿಜಕ್ಕೂ ಭಯವಿತ್ತು. ಕಚ್ಚಿ ಕಾಯಿಲೆ ಹತ್ತಿಸುವುದು ಉಣುಗಿನ ಮರಿ, ಸಾಸಿವೆ ಕಾಳಿಗಿಂತ ಸಣ್ಣದು, ಕಚ್ಚಿದ್ದೂ ತಿಳಿಯುವುದಿಲ್ಲ. ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ಸಹಿಸಲಾಗದ ತಲೆನೋವು, ಸೊಂಟ ಕಾಲುಗಳ ಸೆಳೆತ. ಕೆಲವರಿಗೆ ಒಸಡಲ್ಲಿ, ಮೂಗಲ್ಲಿ ರಕ್ತ. ಜ್ವರ ಬಿಟ್ಟಿತು ಅನ್ನುವಷ್ಟರಲ್ಲಿ, ಒಂದೆರಡು ವಾರ ಕಳೆದು, ಕೆಲವರಿಗೆ ಮತ್ತೆ ಬರುತ್ತದೆ. ಆಗ ಕೈ ನಡುಗುತ್ತದೆ, ಮಂಕು ಕವಿಯುತ್ತದೆ. ಇದಕ್ಕೆಂದೇ ಇರುವ ಔಷಧಿ ಇಲ್ಲ. ನೂರು ಜನರಿಗೆ ಬಂದರೆ ಮೂರರಿಂದ ಐದು ಜನ ಸಾಯಬಹುದು ಎಂದು ತರಬೇತಿಯಲ್ಲಿ ಕೇಳಿದ ಮಾತು ರಾತ್ರಿ ಮಲಗಿದರೆ ನೆನಪಾಗುತ್ತಿತ್ತು. ಉಣುಗು ಹತ್ತದಂತೆ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗುತ್ತಿದ್ದೆ. ಕೆಲಸ ಮುಗಿಸಿ ಬಂದ ದಿನ ಬಿಸಿನೀರು, ಸೋಪು ಹಾಕಿ ಮಿಂದು, ಮೊಬೈಲ್ ಬೆಳಕಿನಲ್ಲಿ ಮೊಣಕಾಲಿನ ಹಿಂದೆ, ಲಂಗದ ದಾರ ಕಟ್ಟುವ ಜಾಗದಲ್ಲಿ, ಕಿವಿಯ ಹಿಂದೆ ಹುಡುಕುತ್ತಿದ್ದೆ. ಏನೂ ಸಿಗದಿದ್ದರೂ ನಿದ್ದೆ ಬರುತ್ತಿರಲಿಲ್ಲ.

ಅಮ್ಮ ಸತ್ಯವೇದದ ತೊಂಬತ್ತೊಂದನೇ ಕೀರ್ತನೆಯ ಪುಟಕ್ಕೆ ದಾರ ಇಟ್ಟು ಕಳಿಸಿದ್ದಳು. ರಾತ್ರಿಯ ಭಯ, ವ್ಯಾಧಿ, ಸಾವು ಯಾವುದೂ ದೇವರ ಆಶ್ರಯದಲ್ಲಿರುವವನ ಹತ್ತಿರ ಸುಳಿಯದೆಂಬ ಭರವಸೆಯ ಕೀರ್ತನೆ ಅದು. ಎಷ್ಟೋ ಕ್ರೈಸ್ತ ಮನೆಗಳಲ್ಲಿ ಅದನ್ನು ರಕ್ಷೆಯ ಹಾಗೆ ಬಾಗಿಲ ಮೇಲೆ ತೂಗುಹಾಕಿರುತ್ತಾರೆ. ನಾನೂ ಓದಿದೆ, ಬಾಯಿಪಾಠ ಮಾಡಿದೆ. ಭಯ ಮಾತ್ರ ಕಡಿಮೆಯಾಗಲಿಲ್ಲ. ನನ್ನ ವಿಶ್ವಾಸವೇ ಸಾಲದೇನೋ ಎಂಬ ಇನ್ನೊಂದು ಕೊರಗು ಸೇರಿತು.

ಶಿಕಾರಿಪುರದ ಮನೆ ಪ್ರಾರ್ಥನೆಯೊಂದರಲ್ಲಿ ಇದನ್ನು ಹೇಳಿಕೊಂಡಾಗ ಹಿರಿಯ ಪಾಸ್ಟರ್ ಒಬ್ಬರು ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆಸಿದರು. ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು ಕೆಳಗೆ ಧುಮುಕು ಎನ್ನುತ್ತಾನೆ. ದೂತರು ಎತ್ತಿ ಹಿಡಿಯುತ್ತಾರೆ ಎನ್ನಲು ಅವನು ತರುವ ಆಧಾರ ಇದೇ ತೊಂಬತ್ತೊಂದನೇ ಕೀರ್ತನೆ! ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದ. “ನೀನು ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಮ್ಮ, ಅದು ಅವಿಶ್ವಾಸ ಅಲ್ಲ. ಭಯ ಆಗ್ತದೆ ಅಂತಾನೂ ನಾಚಬೇಡ, ಗೆತ್ಸೇಮನೆಯಲ್ಲಿ ಕರ್ತನಿಗೇ ಆಗಿತ್ತು,” ಅಂದರು ಪಾಸ್ಟರ್. ಭಾನುವಾರದ ಶಾಲೆಯಿಂದ ಕೇಳುತ್ತ ಬಂದ ಕಥೆಗಳೇ. ಆದರೆ ಅವು ನನ್ನ ವಿಷಯವನ್ನೇ ಹೇಳುತ್ತಿವೆ ಎಂದು ಅಂದೇ ಗೊತ್ತಾದದ್ದು.

ಮರುವಾರ ಕಾಡಂಚಿನ ಮನೆಯೊಂದರಲ್ಲಿ ಅಜ್ಜಿಗೆ ಜ್ವರ ಎಂದು ಆಶಾ ಕಾರ್ಯಕರ್ತೆ ಕರೆದರು. ಕೊಟ್ಟಿಗೆಗೆ ದರಕು ಗುಡಿಸಿ ತರಲು ಅಜ್ಜಿ ದಿನಾ ಕಾಡಿಗೆ ಹೋಗುತ್ತಿದ್ದರಂತೆ. ಉಣುಗು ಇರುವುದೇ ಆ ಒಣಗಿದೆಲೆಯಲ್ಲಿ. ಅಕ್ಕಪಕ್ಕದವರು ಅಂಗಳದಾಚೆಯೇ ನಿಂತಿದ್ದರು. ಕಂಬಳಿ ಹೊದ್ದ ಅಜ್ಜಿಯ ಕಣ್ಣು ಕೆಂಪಗಾಗಿತ್ತು. “ಹತ್ರ ಬರ್ಬ್ಯಾಡ ತಂಗಿ, ನಿಂಗೂ ಹತ್ತತ್ತೆ,” ಅಂದರು.

“ಇದು ಮನುಷ್ಯರಿಂದ ಮನುಷ್ಯರಿಗೆ ಹತ್ತಲ್ಲ ಅಜ್ಜಿ,” ಎಂದು ಪಕ್ಕದಲ್ಲಿ ಕೂತು ಕೈ ಹಿಡಿದೆ. ನನಗೆ ಅದು ಗೊತ್ತಿದ್ದ ಸಂಗತಿ, ಆದರೂ ಹೊಸಿಲು ದಾಟುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಥರ್ಮಾಮೀಟರ್ ಇಟ್ಟು, ಒಸಡು ನೋಡಿ, ಗಂಜಿ ಕುಡಿಸುವಷ್ಟರಲ್ಲಿ ನನ್ನ ಬಗ್ಗೆ ಯೋಚಿಸುವುದೇ ಮರೆತಿತ್ತು. ಅಜ್ಜಿ ಚಂದ್ರಗುತ್ತಿ ರೇಣುಕಾಂಬೆಗೆ ಹರಕೆ ಹೊತ್ತಿದ್ದರು. ನಾನು ಮನಸ್ಸಿನಲ್ಲೇ ಯೇಸುವಿಗೆ ಮೊರೆಯಿಟ್ಟೆ. ಕೆಲಸದ ಹೊತ್ತಿನಲ್ಲಿ ನಾನು ಯಾರಿಗೂ ಬೋಧನೆ ಮಾಡುವುದಿಲ್ಲ, ಮಾಡಲೂಬಾರದು. ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಯಿತು, ಅಜ್ಜಿ ಆಸ್ಪತ್ರೆ ಸೇರಿದರು, ಉಳಿದರು. ಅದೇ ಸೀಸನ್ನಿನಲ್ಲಿ ಇನ್ನೊಂದು ಊರಿನ ಯುವಕ ಉಳಿಯಲಿಲ್ಲ. ಅವನ ಮನೆಯವರೂ ಕಣ್ಣೀರಿಟ್ಟು ಬೇಡಿದ್ದರು. ಪ್ರಾರ್ಥಿಸಿದವರಿಗೆ ಕಾಯಿಲೆ ಬಾರದು ಎಂದು ನಾನು ಅಂದಿನಿಂದ ಯಾರಿಗೂ ಹೇಳಿಲ್ಲ, ಹೇಳುವವರನ್ನು ನಂಬುವುದೂ ಇಲ್ಲ. ಭಯವಿದ್ದರೂ ಆ ಹೊಸಿಲು ದಾಟುವ ಬಲ ನನಗೆ ಪ್ರಾರ್ಥನೆಯಿಂದ ಬರುತ್ತದೆ, ಅಷ್ಟು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ವಿಶ್ವಾಸವಿದ್ದವರು ಕಾಯಿಲೆಗೆ ಹೆದರಿ ಎಚ್ಚರ ವಹಿಸಬಹುದೇ ಎಂಬ ಪ್ರಶ್ನೆ ಹಿಂದೆಯೂ ಎದ್ದಿತ್ತು. 1527ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಊರು ಬಿಡದೆ ರೋಗಿಗಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಮಾರಿಗೆ ಹೆದರಿ ಓಡಬಹುದೇ ಎಂದು ಕೇಳಿದ ಪಾದ್ರಿಗಳಿಗೆ ಒಂದು ದೀರ್ಘ ಪತ್ರವನ್ನೂ ಬರೆದರು. ಔಷಧಿ ತೆಗೆದುಕೊಳ್ಳಿ, ಮನೆಗೆ ಹೊಗೆ ಹಾಕಿ, ಕೆಲಸವಿಲ್ಲದ ಕಡೆ ಹೋಗಬೇಡಿ, ಆದರೆ ನೆರೆಯವನಿಗೆ ನಿಮ್ಮ ಅಗತ್ಯ ಬಿದ್ದರೆ ಹಿಂಜರಿಯಬೇಡಿ ಎಂಬುದು ಅದರ ಸಾರ. ಮದ್ದು ಬೇಡವೆಂದು ಕೂರುವುದನ್ನು ಅವರೂ ದೇವರನ್ನು ಪರೀಕ್ಷಿಸುವುದೆಂದೇ ಕರೆದರು. ಐನೂರು ವರ್ಷದ ಹಿಂದಿನ ಆ ಬುದ್ಧಿ ನಮ್ಮ ಉಪಕೇಂದ್ರದಲ್ಲಿ ಈಗಲೂ ನಡೆಯುತ್ತದೆ.

ಮಂಗನ ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಬೇಸಿಗೆಯವರೆಗೆ, ಅಂದರೆ ಕ್ರಿಸ್ಮಸ್‌ನಿಂದ ಈಸ್ಟರ್ ದಾಟುವವರೆಗೆ. ಹಳೆಯ ಲಸಿಕೆ ಪರಿಣಾಮ ಸಾಲದೆಂದು ನಿಂತಿದೆ. ಆದ್ದರಿಂದ ಸೊರಬ, ಸಾಗರ, ತೀರ್ಥಹಳ್ಳಿ ಕಡೆಯ ಸಭೆಗಳ ಪಾಸ್ಟರುಗಳಲ್ಲಿ, ಫಾದರುಗಳಲ್ಲಿ ನನ್ನದೊಂದು ಬೇಡಿಕೆ. ಭಾನುವಾರದ ಪ್ರಕಟಣೆಗಳ ಜೊತೆ ಇದನ್ನೂ ಓದಿ ಹೇಳಿ: ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಪಕ್ಕದ ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿದ್ದರೆ ಗಂಜಿ ಮಾಡಿಕೊಂಡು ಒಳಗೆ ಹೋಗಿ.