ಅಗದತಂತ್ರವೂ ವಿಷವೈದ್ಯರ ಸಂಘವೂ

ಭಾರತೀಯ ವೈದ್ಯಶಾಸ್ತ್ರದ ಎಂಟು ಅಂಗಗಳಲ್ಲಿ ಅಗದತಂತ್ರವೂ ಒಂದೆಂಬುದು ವಿದ್ವಜ್ಜನರಿಗೆ ವಿದಿತವಾದ ಸಂಗತಿ. ‘ಗದ’ವೆಂದರೆ ರೋಗ, ಅದನ್ನು ಇಲ್ಲವಾಗಿಸುವುದು ‘ಅಗದ’. ಶಾಸ್ತ್ರಕಾರರು ಈ ಶಬ್ದವನ್ನು ವಿಶೇಷವಾಗಿ ವಿಷಹರವಾದ ಔಷಧಕ್ಕೆ ರೂಢಿಸಿದರು. ‘ವಿಷ’ ಶಬ್ದದ ಮೂಲಧಾತುವಿಗೆ ವ್ಯಾಪಿಸುವುದೆಂದು ಅರ್ಥ; ಒಳಹೊಕ್ಕೊಡನೆ ಮೈಯೆಲ್ಲವನ್ನೂ ವ್ಯಾಪಿಸುವುದರಿಂದ ಅದು ವಿಷ. ಪಾಶ್ಚಾತ್ಯರು ಇದೇ ಶಾಸ್ತ್ರವನ್ನು ‘ಟಾಕ್ಸಿಕಾಲಜಿ’ ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ‘ಟಾಕ್ಸಾನ್’ ಎಂದರೆ ಬಿಲ್ಲು. ಅಂಬಿನ ಮೊನೆಗೆ ಸವರುತ್ತಿದ್ದ ನಂಜಿನಿಂದ ಆ ಹೆಸರು ಹುಟ್ಟಿತು. ಕನ್ನಡದ ‘ಮದ್ದು’ ಎಂಬ ಶಬ್ದವಾದರೋ ಇನ್ನೂ ವಿಚಾರಾರ್ಹವಾದುದು. ಮದ್ದು ಕೊಡುವುದೆಂದರೆ ಚಿಕಿತ್ಸೆ, ಮದ್ದಿಕ್ಕುವುದೆಂದರೆ ವಿಷಪ್ರಯೋಗ. ಇಂದಿಗೂ ರೈತನು ಬೆಳೆಗೆ ಹೊಡೆಯುವ ಕೀಟನಾಶಕವನ್ನು ‘ಔಷಧ’ವೆಂದೇ ಕರೆಯುತ್ತಾನೆ. ವಸ್ತುವಲ್ಲ, ಅದರ ಪ್ರಮಾಣವೇ ವಿಷವನ್ನು ವಿಷವಾಗಿಸುತ್ತದೆ ಎಂದು ಹದಿನಾರನೆಯ ಶತಮಾನದ ವೈದ್ಯನಾದ ಪ್ಯಾರಾಸೆಲ್ಸಸ್ ಪ್ರತಿಪಾದಿಸಿದನು. ಜನಪದದ ನುಡಿ ಆ ತತ್ತ್ವವನ್ನು ತನ್ನದೇ ರೀತಿಯಲ್ಲಿ ಹಿಡಿದಿಟ್ಟಿದೆಯೆನ್ನಬಹುದು.

ಒಂದೇ ವಸ್ತು ಮದ್ದೂ ವಿಷವೂ ಆಗಬಲ್ಲುದಾದರೆ, ಎರಡರ ನಡುವಣ ಗೆರೆಯನ್ನು ಬಲ್ಲವರಾರು? ಅವರ ಅರಿವು ಎಲ್ಲಿ ನೆಲೆ ನಿಲ್ಲಬೇಕು? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ವೈದ್ಯರು ಕಂಡುಕೊಂಡ ಉತ್ತರವೇ ವಿಷವೈದ್ಯರ ಸಂಘ. ಅದರ ಹುಟ್ಟು, ಕಾರ್ಯ ಮತ್ತು ಅದರಿಂದ ಕಲಿಯಬೇಕಾದ ಪಾಠ ಇವುಗಳನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಗ್ರಂಥವೂ ಗುಟ್ಟೂ

ಸುಶ್ರುತಸಂಹಿತೆಯ ಕಲ್ಪಸ್ಥಾನವು ಪೂರ್ಣವಾಗಿ ವಿಷವಿಚಾರಕ್ಕೆ ಮೀಸಲಾದುದು. ಅರಸನ ಅನ್ನಪಾನಗಳನ್ನು ವಿಷದಿಂದ ಕಾಪಾಡುವ ಬಗೆ, ಸಸ್ಯ ಮತ್ತು ಖನಿಜಗಳಿಂದ ಬರುವ ಸ್ಥಾವರವಿಷ, ಹಾವು ಚೇಳು ಮೊದಲಾದವುಗಳ ಜಂಗಮವಿಷ, ವಿಷವು ಮೈಯಲ್ಲಿ ಏರುವ ವೇಗಗಳು ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಕನ್ನಡದಲ್ಲಿ ಈ ಶಾಸ್ತ್ರವನ್ನು ಪದ್ಯರೂಪದಲ್ಲಿ ಹೇಳಿದವನು ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜ. ಆತನ ‘ಖಗೇಂದ್ರಮಣಿದರ್ಪಣ’ವನ್ನು ಮದರಾಸು ವಿಶ್ವವಿದ್ಯಾನಿಲಯವು 1942ರಲ್ಲಿ ಪ್ರಕಟಿಸಿತು. ಸಂಸ್ಕೃತವನ್ನರಿಯದವರಿಗೂ ನಿಲುಕುವಂತೆ ವಿಷವೈದ್ಯವು ನಾಡನುಡಿಯಲ್ಲಿ ಗ್ರಂಥಸ್ಥವಾದುದು ಸಾಮಾನ್ಯ ಸಂಗತಿಯಲ್ಲ.

ಆದರೆ ಲೋಕವ್ಯವಹಾರದಲ್ಲಿ ವಿಷವೈದ್ಯವು ಗ್ರಂಥಕ್ಕಿಂತ ಗುಟ್ಟಿನಲ್ಲಿಯೇ ಹೆಚ್ಚಾಗಿ ಬಾಳಿತು. ಬೇರಿನ ಹೆಸರು ಹೊರಬಿದ್ದರೆ ಅದರ ಗುಣ ಹೋಗುವುದೆಂಬ ನಂಬಿಕೆ ಹಳ್ಳಿಗಳಲ್ಲಿ ಪ್ರಬಲವಾಗಿತ್ತು. ತಂದೆ ಮಗನಿಗೆ ಮಾತ್ರ ಹೇಳುವನು. ಹೇಳುವ ಮೊದಲೇ ಕಣ್ಮುಚ್ಚಿದರೆ ಅರಿವೂ ಅವನೊಡನೆ ಮಣ್ಣಾಗುವುದು. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ವಿಷವಿಲ್ಲದ ಹಾವು ಕಚ್ಚಿದವನು ಬದುಕಿದರೆ ಕೀರ್ತಿ ಬೇರಿಗೆ ಸಲ್ಲುವುದು. ನಾಗರಹಾವು ಕಚ್ಚಿದವನು ಸತ್ತರೆ ಹೊಣೆ ವಿಧಿಗೆ ಹೋಗುವುದು. ಗೆಲವನ್ನೂ ಸೋಲನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುವವರು ಇಲ್ಲದಿದ್ದುದರಿಂದ ನಿಜವಾದ ಮದ್ದಾವುದು, ಬರಿಯ ನಂಬಿಕೆಯಾವುದು ಎಂಬುದು ಬೇರ್ಪಡಲಿಲ್ಲ.

ಚಿಕಾಗೋ ನಗರದ ಚೀಟಿಗಳು

ಪಶ್ಚಿಮದಲ್ಲಿಯೂ ಮೊದಲಿಗೆ ಈ ಅರಿವು ಒಬ್ಬಿಬ್ಬರ ಕೈಯಲ್ಲಿಯೇ ಇತ್ತು. ಚಿಕಾಗೋ ನಗರದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಲೂಯಿಸ್ ಗ್ಡಾಲ್ಮನ್ ಎಂಬ ಔಷಧತಜ್ಞರಿದ್ದರು. ಮನೆಗಳಲ್ಲಿ ಬಳಸುವ ಪದಾರ್ಥಗಳಲ್ಲಿ ಯಾವ ಯಾವ ರಾಸಾಯನಿಕಗಳಿವೆ, ಮಗುವೊಂದು ಅವನ್ನು ನುಂಗಿದರೆ ಮಾಡತಕ್ಕದ್ದೇನು ಎಂಬುದನ್ನು ಅವರು ಚೀಟಿಗಳಲ್ಲಿ ಬರೆದು ಕ್ರಮವಾಗಿ ಜೋಡಿಸಿಡತೊಡಗಿದರು. ವೈದ್ಯರು ದೂರವಾಣಿಯಲ್ಲಿ ಅವರನ್ನು ಕೇಳುವುದು ವಾಡಿಕೆಯಾಯಿತು. 1950ರ ಸುಮಾರಿಗೆ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯೊಂದು ಸಮೀಕ್ಷೆ ನಡೆಸಿದಾಗ, ಮಕ್ಕಳಿಗೆ ಸಂಭವಿಸುವ ಅಪಘಾತಗಳಲ್ಲಿ ಅರ್ಧದಷ್ಟು ವಿಷಸೇವನೆಯಿಂದಲೇ ಆದುವೆಂದು ತಿಳಿದುಬಂದಿತು. ಅದರ ಫಲವಾಗಿ 1953ರಲ್ಲಿ ಡಾ. ಎಡ್ವರ್ಡ್ ಪ್ರೆಸ್ ಅವರ ಪ್ರಯತ್ನದಿಂದಲೂ ಗ್ಡಾಲ್ಮನ್ನರ ಚೀಟಿಗಳ ಬಲದಿಂದಲೂ ಅಮೆರಿಕದ ಮೊದಲ ವಿಷನಿಯಂತ್ರಣ ಕೇಂದ್ರವು ಚಿಕಾಗೋದಲ್ಲಿ ಸ್ಥಾಪಿತವಾಯಿತು.

ಕೇಂದ್ರಗಳು ಊರೂರುಗಳಲ್ಲಿ ಹೆಚ್ಚಿದವು. 1958ರಲ್ಲಿ ಅವುಗಳ ಒಕ್ಕೂಟವಾಯಿತು. 2002ರಿಂದ ಇಡೀ ದೇಶಕ್ಕೆ ಒಂದೇ ದೂರವಾಣಿ ಸಂಖ್ಯೆ ಜಾರಿಗೆ ಬಂದಿತು. ಗಾಬರಿಗೊಂಡ ತಾಯಿ ಹಗಲಿರುಳೆನ್ನದೆ ಆ ಸಂಖ್ಯೆಗೆ ಕರೆ ಮಾಡಿದರೆ, ಆಸ್ಪತ್ರೆಗೆ ಓಡಬೇಕೇ, ಮನೆಯಲ್ಲಿಯೇ ನೋಡಿಕೊಂಡರೆ ಸಾಕೇ ಎಂಬುದನ್ನು ತಿಳಿದವರು ಹೇಳುತ್ತಾರೆ.

ಸಂಘದ ಉದಯ

ಮಾಹಿತಿ ದೊರೆತರೆ ಸಾಲದು. ಹಾಸಿಗೆಯ ಪಕ್ಕದಲ್ಲಿ ನಿಂತು ಚಿಕಿತ್ಸೆ ಮಾಡುವ ಪರಿಣತರೂ ಬೇಕು. ಈ ಉದ್ದೇಶದಿಂದ 1968ರಲ್ಲಿ ‘ಅಮೆರಿಕನ್ ಅಕಾಡೆಮಿ ಆಫ್ ಕ್ಲಿನಿಕಲ್ ಟಾಕ್ಸಿಕಾಲಜಿ’ ಎಂಬ ಸಂಸ್ಥೆ ಹುಟ್ಟಿತು. ವೈದ್ಯರು, ಔಷಧತಜ್ಞರು, ದಾದಿಯರು, ವಿಜ್ಞಾನಿಗಳು ಎಲ್ಲರಿಗೂ ಅಲ್ಲಿ ಸ್ಥಾನವುಂಟು. 1974ರಲ್ಲಿ ವಿಷವೈದ್ಯರನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಮಂಡಲಿಯೊಂದು ಏರ್ಪಟ್ಟಿತು. 1992ರಲ್ಲಿ ವಿಷವೈದ್ಯವು ವೈದ್ಯಕೀಯದ ಒಂದು ಉಪಶಾಖೆಯೆಂದು ಅಧಿಕೃತ ಮನ್ನಣೆ ಪಡೆಯಿತು. ಮರುವರ್ಷ, 1993ರಲ್ಲಿ, ಈ ಶಾಖೆಯ ವೈದ್ಯರದೇ ಆದ ‘ಅಮೆರಿಕನ್ ಕಾಲೇಜ್ ಆಫ್ ಮೆಡಿಕಲ್ ಟಾಕ್ಸಿಕಾಲಜಿ’ ರೂಪುಗೊಂಡಿತು.

‘ಕಾಲೇಜು’ ಎಂದೊಡನೆ ನಮ್ಮಲ್ಲಿ ತರಗತಿಗಳ ಚಿತ್ರ ಮೂಡುವುದು ಸಹಜ. ಇಲ್ಲಿ ಆ ಅರ್ಥವಿಲ್ಲ. ಲ್ಯಾಟಿನ್ನಿನ ‘ಕೊಲೇಜಿಯಮ್’ ಎಂಬುದು ಒಂದೇ ವೃತ್ತಿಯವರು ಒಂದು ನಿಯಮಕ್ಕೆ ಕಟ್ಟುಬಿದ್ದು ಕೂಡುವ ಸಮುದಾಯ. ಅದರಂತೆ ಇದು ವಿದ್ಯಾಲಯವಲ್ಲ, ವೃತ್ತಿಬಾಂಧವರ ಸಂಘ. ತುರ್ತುಚಿಕಿತ್ಸೆ, ಮಕ್ಕಳ ವೈದ್ಯ, ರೋಗನಿವಾರಣಶಾಸ್ತ್ರ ಮೊದಲಾದ ಶಾಖೆಗಳಲ್ಲಿ ತರಬೇತಿ ಮುಗಿಸಿದ ವೈದ್ಯನು ಮತ್ತೆ ಎರಡು ವರ್ಷ ವಿಷವೈದ್ಯವನ್ನು ಅಭ್ಯಸಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಈ ಶಾಖೆಯ ಪರಿಣತನೆನಿಸುತ್ತಾನೆ.

ವಿಷವೈದ್ಯನ ಕಾರ್ಯ

ವಿಷ ತಿಂದವನು ಏನು ತಿಂದೆನೆಂದು ಹೇಳುವ ಸ್ಥಿತಿಯಲ್ಲಿ ಇರುವುದು ವಿರಳ. ಆದುದರಿಂದ ವಿಷವೈದ್ಯನು ಲಕ್ಷಣಗಳ ಸಮುಚ್ಚಯದಿಂದ ವಿಷದ ಜಾತಿಯನ್ನು ಗುರುತಿಸಬೇಕು. ಕಣ್ಣಿನ ಪಾಪೆ ಸೂಜಿಯ ಮೊನೆಯಂತೆ ಕಿರಿದಾಗಿ, ಜೊಲ್ಲು, ಕಣ್ಣೀರು, ಬೆವರು ಸುರಿದು, ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತಿದ್ದರೆ ರಂಜಕಯುಕ್ತ ಕೀಟನಾಶಕವೆಂದು ಊಹಿಸಬೇಕು. ಪಾಪೆ ಹಿಗ್ಗಿ, ಬಾಯಿ ಒಣಗಿ, ಮೈ ಕಾದು, ರೋಗಿ ಬಡಬಡಿಸುತ್ತಿದ್ದರೆ ಉಮ್ಮತ್ತಿಯಂತಹ ಸಸ್ಯವಿಷವನ್ನು ಶಂಕಿಸಬೇಕು. ಮೊದಲ ವಿಷಕ್ಕೆ ಮುಖ್ಯವಾದ ಮದ್ದು ಅಟ್ರೋಪಿನ್. ಆ ಅಟ್ರೋಪಿನ್ ಉಮ್ಮತ್ತಿಯ ವಿಷದಲ್ಲಿಯೇ ಇರುವ ದ್ರವ್ಯ! ಒಂದರ ವಿಷ ಇನ್ನೊಂದರ ಅಗದವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕೆಲವು ವಿಷಗಳು ಮೋಸ ಮಾಡುತ್ತವೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅತಿಯಾದರೆ ರೋಗಿ ಮೊದಲ ದಿನ ಆರೋಗ್ಯವಂತನಂತೆಯೇ ತೋರುವನು. ಯಕೃತ್ತು ಕೆಡುವುದು ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಎಂಟು ಗಂಟೆಗಳೊಳಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ದೊರೆತರೆ ಬಹುಮಟ್ಟಿಗೆ ರಕ್ಷಣೆಯುಂಟು. ರಕ್ತದಲ್ಲಿರುವ ಪ್ರಮಾಣವನ್ನೂ ಕಳೆದ ಗಂಟೆಗಳನ್ನೂ ಹೋಲಿಸಿ, ಚಿಕಿತ್ಸೆ ಯಾರಿಗೆ ಅಗತ್ಯವೆಂದು ನಿರ್ಣಯಿಸುವ ರೇಖಾಚಿತ್ರವನ್ನು ರೂಮ್ಯಾಕ್ ಮತ್ತು ಮ್ಯಾಥ್ಯೂ ಎಂಬ ವೈದ್ಯರು 1975ರಲ್ಲಿ ಪ್ರಕಟಿಸಿದರು.

ಇಂತಹ ಅನುಭವಗಳನ್ನು ಒಂದೆಡೆ ಕೂಡಿಸಲು ಮೇಲೆ ಹೇಳಿದ ಕಾಲೇಜು 2010ರಲ್ಲಿ ಒಂದು ದಾಖಲೆಯ ವ್ಯವಸ್ಥೆಯನ್ನು ಆರಂಭಿಸಿತು. ವಿಷವೈದ್ಯರು ತಾವು ಸ್ವತಃ ಕಂಡು ಚಿಕಿತ್ಸೆ ಮಾಡಿದ ರೋಗಿಗಳ ವಿವರವನ್ನು, ಹೆಸರು ಕುಲಗಳನ್ನು ಮರೆಮಾಡಿ, ಅದಕ್ಕೆ ಸೇರಿಸುತ್ತಾರೆ. ಒಬ್ಬ ವೈದ್ಯನು ಜೀವಮಾನದಲ್ಲಿ ಒಮ್ಮೆ ಮಾತ್ರ ಕಾಣುವ ವಿಷವನ್ನು ಸಂಘವು ಹಲವು ಸಲ ಕಂಡಿರುತ್ತದೆ.

ಕೈಬಿಡುವ ಧೈರ್ಯ

ಹೊಸದನ್ನು ಕಲಿಯುವುದಕ್ಕಿಂತ ತಪ್ಪೆಂದು ತಿಳಿದುದನ್ನು ಕೈಬಿಡುವುದು ಕಷ್ಟ. ವಿಷವೈದ್ಯರ ಸಂಘಗಳ ಹಿರಿಮೆ ಪ್ರಕಟವಾಗುವುದು ಇಲ್ಲಿಯೇ. ಇಪಿಕ್ಯಾಕ್ ಎಂಬ ಬೇರಿನಿಂದ ಮಾಡಿದ ವಾಂತಿಕಾರಕ ಪಾನಕವನ್ನು ಅಮೆರಿಕದ ಮನೆಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ದಶಕಗಳ ಕಾಲ ವೈದ್ಯರೇ ಬೋಧಿಸಿದ್ದರು. ವಾಂತಿಯಾದರೆ ವಿಷ ಹೊರಹೋಗುವುದೆಂಬುದು ಯುಕ್ತಿಯುಕ್ತವಾಗಿಯೇ ತೋರುವ ಮಾತು. ಆದರೆ ಪ್ರಮಾಣಗಳನ್ನು ಪರಿಶೀಲಿಸಿದಾಗ, ಅದರಿಂದ ರೋಗಿಗೆ ಹಿತವಾಗುವುದೆಂಬುದಕ್ಕೆ ಆಧಾರ ದೊರೆಯಲಿಲ್ಲ. 1997ರಲ್ಲಿ ಅಮೆರಿಕದ ಅಕಾಡೆಮಿಯೂ ಯುರೋಪಿನ ವಿಷವೈದ್ಯರ ಸಂಘವೂ ಕೂಡಿ, ಇದನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಸಾರಿದವು. 2003ರಲ್ಲಿ ಮಕ್ಕಳ ವೈದ್ಯರ ಸಂಸ್ಥೆಯು ಮನೆಗಳಲ್ಲಿ ಅದನ್ನು ಇಡುವುದೇ ಬೇಡವೆಂದಿತು. ತಾವೇ ಹೇಳಿಕೊಟ್ಟ ಪಾಠವನ್ನು ತಾವೇ ಹಿಂತೆಗೆದುಕೊಳ್ಳಲು ಸಾಮಾನ್ಯವಾದ ಎದೆಗಾರಿಕೆ ಸಾಲದು.

2011ರಲ್ಲಿ ಹಲವು ದೇಶಗಳ ವಿಷವೈದ್ಯ ಸಂಘಗಳು ಒಟ್ಟಾಗಿ, ಉತ್ತರ ಅಮೆರಿಕದ ಮಂಡಲದ ಜಾತಿಯ ಹಾವುಗಳು ಕಚ್ಚಿದಾಗ ಅಂಗವನ್ನು ಬಿಗಿಯಾಗಿ ಸುತ್ತಿ ಕಟ್ಟುವುದು ತಕ್ಕುದಲ್ಲವೆಂದು ಹೇಳಿದವು. ಮೈಯಲ್ಲಿ ಲೋಹದ ವಿಷವಿದೆಯೆಂದು ಹೆದರಿಸಿ, ಲೋಹವನ್ನು ಸೆಳೆಯುವ ಔಷಧ ಕೊಟ್ಟು ಅನಂತರ ಮೂತ್ರವನ್ನು ಪರೀಕ್ಷಿಸುವ ಪದ್ಧತಿಗೆ ವೈಜ್ಞಾನಿಕ ಆಧಾರವಿಲ್ಲವೆಂದೂ ಕಾಲೇಜು ಎಚ್ಚರಿಸಿತು. ಫೆಂಟನಿಲ್ ಎಂಬ ತೀವ್ರ ಮಾದಕದ್ರವ್ಯವು ಕೈಗೆ ತಾಗಿದ ಮಾತ್ರದಿಂದ ಪೊಲೀಸರು ಕುಸಿದು ಬೀಳುವರೆಂಬ ಭೀತಿ ಹಬ್ಬಿದಾಗ, ಅದು ಅತ್ಯಂತ ಅಸಂಭವವೆಂದು 2017ರಲ್ಲಿ ಎರಡೂ ಸಂಸ್ಥೆಗಳು ಜಂಟಿಯಾಗಿ ಸ್ಪಷ್ಟಪಡಿಸಿದವು. ವಿಷವನ್ನು ಇಳಿಸುವಂತೆಯೇ ವಿಷದ ಬಗೆಗಿನ ಭ್ರಾಂತಿಯನ್ನು ಇಳಿಸುವುದೂ ವಿಷವೈದ್ಯನ ಧರ್ಮವಷ್ಟೆ.

ಸಂಘವೇ ನೆನಪು

ವಿಷಕ್ಕೆ ನಾಚಿಕೆಯಿಲ್ಲ, ಮನುಷ್ಯನು ಮರೆತೊಡನೆ ಅದು ಮರಳಿ ಬರುತ್ತದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿಸಿ ಮಾರಿದುದರಿಂದ ನೂರಕ್ಕೂ ಹೆಚ್ಚು ಜನರು ಮಡಿದರು. ಅವರಲ್ಲಿ ಮಕ್ಕಳು ಅನೇಕ. ಆ ದುರಂತದಿಂದ 1938ರ ಔಷಧ ಕಾಯಿದೆ ಬಂದಿತು. ಆದರೂ ಅದೇ ದ್ರವವು 1986ರಲ್ಲಿ ಮುಂಬಯಿಯಲ್ಲಿ ರೋಗಿಗಳ ಪ್ರಾಣ ತೆಗೆಯಿತು. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿಯೂ 2025ರಲ್ಲಿ ಮಧ್ಯಪ್ರದೇಶದಲ್ಲಿಯೂ ಕೆಮ್ಮಿನ ಔಷಧದೊಳಗೆ ಸೇರಿ ಎಳೆಯ ಮಕ್ಕಳನ್ನು ಬಲಿ ತೆಗೆದುಕೊಂಡಿತು. ಮೂತ್ರಪಿಂಡಗಳು ಕಾರಣವಿಲ್ಲದೆ ಕೆಟ್ಟ ಮಕ್ಕಳು ಒಂದೆಡೆ ಸಾಲಾಗಿ ಬಂದಾಗ, ಹಿಂದಿನ ಕಥೆಯನ್ನು ಬಲ್ಲ ವೈದ್ಯನೊಬ್ಬನಿದ್ದರೆ ಮುಂದಿನ ಸೀಸೆ ಮನೆಗಳನ್ನು ಸೇರುವ ಮೊದಲೇ ತಡೆಯಬಹುದು. ಒಬ್ಬನ ನೆನಪು ಅಳಿಯುತ್ತದೆ. ಸಂಘದ ನೆನಪು ಬರಹವಾಗಿ ಉಳಿಯುತ್ತದೆ.

ನಮ್ಮ ನಾಡಿನಲ್ಲಿ

1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಅನಿಲ ಸೋರಿ ಸಾವಿರಾರು ಜನರು ಮಡಿದಾಗ, ಹರಡಿದ ಅನಿಲದ ಸ್ವರೂಪವನ್ನೂ ಚಿಕಿತ್ಸೆಯನ್ನೂ ಕುರಿತು ವೈದ್ಯರಿಗೆ ಸ್ಪಷ್ಟವಾದ ತಿಳಿವು ಸಕಾಲದಲ್ಲಿ ದೊರೆಯಲಿಲ್ಲ. ವಿಷವಿಜ್ಞಾನವು ಸಾರ್ವಜನಿಕ ಸೊತ್ತಾಗಿರಬೇಕೆಂಬುದಕ್ಕೆ ಆ ರಾತ್ರಿಯೇ ಸಾಕ್ಷಿ. 1995ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು ಸ್ಥಾಪಿತವಾಯಿತು.

ಹಾವಿನ ವಿಷವಾದರೋ ನಮ್ಮ ಹೊಲಗದ್ದೆಗಳ ನಿತ್ಯದ ಭಯ. 2000ರಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಸೋಲನ್ನೂ ಗೆಲವನ್ನೂ ಬರೆದಿಡುವ ಆ ಪುಸ್ತಕ ಕೊನೆಗೂ ನಮ್ಮಲ್ಲಿ ತೆರೆದಂತಾಯಿತು.

ಅಧ್ಯಾಪಕರಾದವರು ಮಕ್ಕಳಿಗೆ ಕಲಿಸಬೇಕಾದುದು ಇಷ್ಟು. ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಕಚ್ಚಿದ ಅಂಗವನ್ನು ಅಲುಗಿಸದೆ, ಧೈರ್ಯ ಹೇಳಿ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಮಗು ಸೀಮೆಎಣ್ಣೆಯನ್ನೋ ಆಮ್ಲವನ್ನೋ ಕುಡಿದರೆ ವಾಂತಿ ಮಾಡಿಸಬಾರದು. ಏನನ್ನಾದರೂ ನುಂಗಿ ಆಸ್ಪತ್ರೆಗೆ ಹೋಗುವಾಗ ಆ ಸೀಸೆಯನ್ನೋ ಪೊಟ್ಟಣವನ್ನೋ ಜೊತೆಗೆ ಕೊಂಡೊಯ್ಯಬೇಕು. ಬೆಳೆಯ ಔಷಧವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು.

ಈ ಮಾತುಗಳಲ್ಲಿ ಗುಟ್ಟೇನೂ ಇಲ್ಲ. ಗುಟ್ಟಿಲ್ಲದಿರುವುದೇ ಅವುಗಳ ಬಲ. ಮಂಗರಾಜನು ತಾನು ಅರಿತುದನ್ನು ನಾಡನುಡಿಯಲ್ಲಿ ಬರೆದಿಟ್ಟನು; ಗ್ಡಾಲ್ಮನ್ನರು ಚೀಟಿಗಳಲ್ಲಿ ಬರೆದಿಟ್ಟರು. ಬರೆದುದನ್ನು ಎಲ್ಲರೆದುರು ಒರೆಗೆ ಹಚ್ಚಿ, ಜಳ್ಳನ್ನು ತೂರಿ, ಗಟ್ಟಿಯನ್ನು ಉಳಿಸಿಕೊಳ್ಳುವುದೇ ಸಂಘದ ಕಾರ್ಯ. ಬಚ್ಚಿಟ್ಟ ಮದ್ದು ಒಬ್ಬನ ಕೀರ್ತಿಗೆ ಸಾಕು. ಹತ್ತು ಜನರ ಪ್ರಾಣಕ್ಕೆ ಬೇಕಾದುದು ಹಂಚಿಕೊಂಡ ಮದ್ದು.